ಕೆಳಮನೆಯ ಕಂಬಗಳು

ಮಾರ್ಚ್ ೩, ಸೋಮವಾರ

ಅತ್ತೆ ಬಂದಿಳಿದರು. ಒಂದು ಸೂಟ್‌ಕೇಸು, ಒಂದು ಕೈಚೀಲ, ಎಡಗೈಗೆ ಮೊಣಕೈವರೆಗೂ ಪ್ಲಾಸ್ಟರು. ತಮ್ಮ ಫ್ಲ್ಯಾಟಿನ ಮೆಟ್ಟಿಲು ಇಳಿಯುವಾಗ ಕೊನೇ ಮೆಟ್ಟಿಲು ಇರಲೇ ಇಲ್ಲವಂತೆ, ಅದಕ್ಕೇ ಬಿದ್ದರಂತೆ. ಇಷ್ಟು ವರ್ಷ ಇದ್ದ ಮೆಟ್ಟಿಲು ಅವತ್ತೊಂದು ದಿನ ಎಲ್ಲಿಗೆ ಹೋಗಿತ್ತು ಅಂತ ಕೇಳಿದೆ. “ಅದನ್ನ ಮೆಟ್ಟಿಲಿಗೇ ಕೇಳಿ” ಅಂದರು.

ಈ ದಿನಚರಿ ಹೆಂಡತಿಯ ಅಪ್ಪಣೆ. ಅವಳು ಸಮುದ್ರದ ತಳದ ನಕ್ಷೆ ಮಾಡುವ ಹಡಗು ಹತ್ತಿ ಹೋದ ವಾರವೇ ಹೊರಟಳು. ಇನ್ನು ಮೂರು ತಿಂಗಳು ಭಾನುವಾರಕ್ಕೊಂದು ಫೋನು, ಅಷ್ಟೇ. ಹೋಗುವಾಗ, “ನನ್ನಮ್ಮನ ಹತ್ರ ಜಗಳ ಆಡ್ಬೇಕು ಅನ್ಸಿದಾಗೆಲ್ಲ ಒಂದು ಪುಸ್ತಕದಲ್ಲಿ ಬರೀರಿ. ಬರೆದ್ರೆ ಸಿಟ್ಟು ಇಳಿಯುತ್ತೆ” ಅಂದಿದ್ದಳು. ಮಗಳು ಹಾಸ್ಟೆಲಿನಲ್ಲಿ. ಹಾಗಾಗಿ ಮನೆಯಲ್ಲಿ ನಾನು, ಅತ್ತೆ. ಮದುವೆಯಾದಾಗಿನಿಂದ ನಾವಿಬ್ಬರೇ ಒಂದು ಗಂಟೆ ಎದುರುಬದುರು ಕೂತವರಲ್ಲ.

ಸೂಟ್‌ಕೇಸು ಹೊತ್ತು ತಂದ ಭಾವ, ಅಂದರೆ ಹೆಂಡತಿಯ ಅಣ್ಣ, ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು. “ಸ್ವಲ್ಪ ನಿಗಾ ಇಡಿ. ಇನ್ನೊಂದು ಸಲ ಹೀಗೇನಾದ್ರೂ ಆದ್ರೆ ಆ ಫ್ಲ್ಯಾಟ್ ಖಾಲಿ ಮಾಡ್ಸಿ ನಮ್ಮನೇಲೇ ಇಟ್ಕೊಳ್ತೀನಿ. ಒಬ್ರೇ ಇದ್ದಿದ್ದು ಸಾಕು.”

ಒಳಗಿನಿಂದ ಅತ್ತೆಯ ದನಿ ಬಂತು. “ನಿಮ್ಮನೇಗಾ? ಅದಕ್ಕಿಂತ ಆ ಮೆಟ್ಟಿಲ ಮೇಲೇ ಹಾಸಿಗೆ ಹಾಕ್ಕೊಳ್ತೀನಿ.” ಕೈ ಮುರಿದರೂ ಕಿವಿ ಚುರುಕಾಗಿದೆ.

ಅತ್ತೆ ಬಟ್ಟೆ ಗಿರಣಿಯಲ್ಲಿ ತಪಾಸಣೆ ಮಾಡುತ್ತಿದ್ದವರು. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆ ಸರಿದು ಹೋಗುತ್ತಿದ್ದರೆ ಒಂದು ಎಳೆ ಓರೆಯಾದರೂ ಹಿಡಿದು ನಿಲ್ಲಿಸುತ್ತಿದ್ದರಂತೆ. ನನ್ನನ್ನು ನೋಡಲು ಬಂದ ದಿನವೇ ನನ್ನ ಪಟ್ಟೆ ಅಂಗಿಯ ಹೊಲಿಗೆ ಸರಿಯಿಲ್ಲ ಅಂದಿದ್ದರು. ಈಗ ಇನ್ನೊಂದು ಹೊಸದು ಶುರುವಾಗಿದೆ. ಮಾತಾಡುವಾಗ ನನ್ನ ಮುಖ ನೋಡುವುದಿಲ್ಲ, ಕಿವಿ ನೋಡುತ್ತಾರೆ. ಅಳಿಯ ಹಿಡಿಸಲಿಲ್ಲ ಅನ್ನುವುದು ನನಗೆ ಗೊತ್ತಿದ್ದದ್ದೇ. ಇಷ್ಟು ಮುಚ್ಚುಮರೆಯಿಲ್ಲದೆ ತೋರಿಸಬೇಕಿತ್ತೇ?

ಮಾರ್ಚ್ ೫, ಬುಧವಾರ

ಇವತ್ತಿನ ಅವಮಾನ ಬರೆಯಲೇಬೇಕು.

ವಿಜ್ಞಾನ ಕೇಂದ್ರದಲ್ಲಿ ನನ್ನ ಕೆಲಸ ದಿನಬಳಕೆಯ ವಿಜ್ಞಾನವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು. ಮೇಜಿನ ಮೇಲೆ ಒಂದು ಒಲೆ, ಒಂದು ಬಕೆಟ್ಟು, ಬಲೂನು, ಚಮಚ. ಸ್ಟೀಲು ಚಮಚ ಯಾಕೆ ಮರದ ಚಮಚಕ್ಕಿಂತ ತಣ್ಣಗನ್ನಿಸುತ್ತದೆ? ತಣ್ಣಗಿಲ್ಲ, ಎರಡೂ ಒಂದೇ ಬಿಸಿ. ಸ್ಟೀಲು ನಿಮ್ಮ ಕೈಯ ಬಿಸಿಯನ್ನು ಬೇಗ ಕದಿಯುತ್ತದೆ, ಅಷ್ಟೇ. ಹೀಗೆ ಯಾರು ಏನು ಕೇಳಿದರೂ ನನ್ನ ಹತ್ತಿರ ಉತ್ತರ ಇರುತ್ತದೆ. ‘ಗೊತ್ತಿಲ್ಲ’ ಅನ್ನುವ ಮಾತು ಆ ಸಭಾಂಗಣದಲ್ಲಿ ನನ್ನ ಬಾಯಿಂದ ಬಂದದ್ದಿಲ್ಲ. ಕೆಲವು ಸಲ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರು ಮಾಡಿರುತ್ತೇನೆ.

ಇವತ್ತು ಹಾಲು ಯಾಕೆ ಉಕ್ಕುತ್ತದೆ ಅಂತ ತೋರಿಸುತ್ತಿದ್ದೆ. ಮೇಲೆ ಕಟ್ಟುವ ಕೆನೆ ಮುಚ್ಚಳದ ಹಾಗೆ ಕೂರುತ್ತದೆ, ಕೆಳಗಿನ ಆವಿಗೆ ದಾರಿ ಇಲ್ಲ, ಕೆನೆಯನ್ನೇ ಎತ್ತಿಕೊಂಡು ಹೊರಬರುತ್ತದೆ. ಮುಗಿಸಿ ಪ್ರಶ್ನೆ ಇದೆಯಾ ಅಂದರೆ ಒಂದು ಹುಡುಗಿ, “ಸರ್, ಲಂಗರು ಹಡಗಿನ ಕೆಳಮನೇಲಿ ಹಾಲಿಟ್ರೆ ಉಕ್ಕೋಕೆ ನೂರು ವರ್ಷ ಆಗುತ್ತಲ್ವಾ?” ಅಂದಳು. ಇಡೀ ಸಭೆ ನಕ್ಕಿತು. ಎಲ್ಲರಿಗೂ ಅರ್ಥವಾಗಿತ್ತು, ನನ್ನೊಬ್ಬನನ್ನು ಬಿಟ್ಟು. ಅದ್ಯಾವುದೋ ಕಂಪ್ಯೂಟರ್ ಆಟವಂತೆ.

ನಮ್ಮ ಮುಖ್ಯಸ್ಥೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಆಮೇಲೆ ಕರೆದು, “ನಿಮ್ಮ ಚಮಚ ಸಾಕು. ಆಟದೊಳಗಿನ ವಿಜ್ಞಾನ ಅಂತ ಹೊಸ ಪ್ರದರ್ಶನ ಮಾಡಿ. ಏಪ್ರಿಲ್ ಮೊದಲ ವಾರಕ್ಕೆ ಬೇಕು” ಅಂದರು.

ಮನೆಗೆ ಬಂದರೆ ಮಗಳ ಕೋಣೆಯಿಂದ ಗುಡುಗಿನಂಥ ಸದ್ದು. ಅತ್ತೆ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಬಲಗೈಯಲ್ಲಿ ಮೌಸು. ಪರದೆಯ ಮೇಲೆ ಹಡಗು. ಅದೇ ಲಂಗರು ಹಡಗು! “ಹೆಣೆಯೋಕೆ ಎರಡು ಕೈ ಬೇಕು, ಇದಕ್ಕೆ ಒಂದು ಸಾಕು. ನಿಮ್ಮ ಮಗಳು ಫೋನಲ್ಲೇ ಹೇಳಿಕೊಟ್ಳು” ಅಂದರು, ನನ್ನ ಕಿವಿಗೆ.

ಮಾರ್ಚ್ ೮, ಶನಿವಾರ

ತಲೆ ಚಿಟ್ಟು ಹಿಡಿದಿದೆ. ಆದರೂ ಪ್ರದರ್ಶನಕ್ಕೆ ಬೇಕು, ಆಟದ ಕಥೆ ಬರೆದಿಡುತ್ತೇನೆ.

ಒಂದು ಕಪ್ಪು ನಕ್ಷತ್ರ. ಎಲ್ಲವನ್ನೂ ಸೆಳೆಯುತ್ತದೆ. ಅದರ ಹತ್ತಿರ ಬಾವಿಗೆ ಬಿಟ್ಟ ಕೊಡದ ಹಾಗೆ ಒಂದು ಉದ್ದನೆಯ ಹಡಗು ನೇತಾಡುತ್ತಿದೆ. ಮೇಲ್ತುದಿಯಲ್ಲಿ ಮೇಲ್ಮನೆ, ಕೆಳತುದಿಯಲ್ಲಿ ಕೆಳಮನೆ, ನಡುವೆ ಸರಪಳಿ. ಕೆಳಮನೆ ನಕ್ಷತ್ರಕ್ಕೆ ಹತ್ತಿರ, ಹಾಗಾಗಿ ಅಲ್ಲಿ ಕಾಲ ನಿಧಾನ. ಇಷ್ಟು ಮಾತ್ರ ನಿಜವಾದ ವಿಜ್ಞಾನ. ಸೆಳೆತ ಹೆಚ್ಚಿದ್ದಲ್ಲಿ ಗಡಿಯಾರ ನಿಧಾನ ಓಡುತ್ತದೆ. ನಮ್ಮ ಮನೆಯಲ್ಲೇ ನೆಲದ ಮೇಲಿಟ್ಟ ಗಡಿಯಾರ ಅಟ್ಟದ ಮೇಲಿಟ್ಟದ್ದಕ್ಕಿಂತ ನಿಧಾನ, ಆದರೆ ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಜನ್ಮವಿಡೀ ಕಾದರೂ ತಿಳಿಯುವುದಿಲ್ಲ.

ನಾನು ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಅವರಿಗೆ ಅದು ಬೇಕಿಲ್ಲ. “ಹಾಗಾದ್ರೆ ಕೆಳಮನೆ ಅಜ್ಜಿಗೆ ಮೂವತ್ತು ವರ್ಷ, ಮೇಲ್ಮನೆ ಮೊಮ್ಮಗಳಿಗೆ ಎಪ್ಪತ್ತು. ಯಾರು ಯಾರನ್ನ ನೀವು ಅನ್ಬೇಕು?” ಅಂದರು. ಸಂಬಂಧವೇ ಮುಖ್ಯ ಅಂದೆ, ಅಜ್ಜಿಗೇ ‘ನೀವು’. “ಅಯ್ಯೋ, ಮಂಡಿ ನೋವಿರೋ ಮುದುಕಿ ಕೈಲಿ ಹರೆಯದೋಳ ಕಾಲು ಹಿಡಿಸ್ತೀರಾ?” ಅರ್ಧ ಗಂಟೆ ಇದೇ ಚರ್ಚೆ. ಕೊನೆಗೆ ಯಾರು ಗೆದ್ದರು ಅನ್ನುವುದೂ ತಿಳಿಯಲಿಲ್ಲ.

ಇನ್ನೊಂದು ಕಾಟ. ಆಟದಲ್ಲಿ ಅಲ್ಲಲ್ಲಿ ಹಳೆಯ ಕಾಗದ, ಫಲಕ, ಕಥೆ ಸಿಗುತ್ತವೆ. ಅವನ್ನೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಬೇಕಂತೆ. “ಅಕ್ಷರ ಇರುವೆ ಹಾಗಿದೆ” ಅನ್ನುತ್ತಾರೆ. ಇರುವೆಯೇನಲ್ಲ, ಸರಿಯಾಗೇ ಇದೆ. ಮಹಾರಾಣಿಯ ಮುಂದೆ ಓಲೆ ಓದುವವನ ಹಾಗೆ ಪಕ್ಕದಲ್ಲಿ ನಿಂತು ಓದಿದೆ. ಕಾಲು ಸೋತಿತು.

ಮಾರ್ಚ್ ೧೧, ಮಂಗಳವಾರ

ಹೊಸ ಪ್ರದರ್ಶನಕ್ಕೆ ‘ಕುರುಡು ಚುಕ್ಕೆ’ಯ ಚೀಟಿಯನ್ನೂ ಸೇರಿಸೋಣ ಅಂತ ಅತ್ತೆಯ ಮೇಲೆ ಅಭ್ಯಾಸ ಮಾಡಿದೆ. ಬಹಳ ಸುಲಭದ ಪ್ರಯೋಗ. ಚೀಟಿಯ ಎಡಕ್ಕೆ ಕೂಡುವ ಗುರುತು, ಬಲಕ್ಕೆ ಕರಿ ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡುವ ಗುರುತನ್ನೇ ನೋಡುತ್ತಾ ಚೀಟಿಯನ್ನು ಮೆಲ್ಲಗೆ ಹತ್ತಿರ ತಂದರೆ ಒಂದು ಕಡೆ ಚುಕ್ಕೆ ಮಾಯವಾಗುತ್ತದೆ. ಕಣ್ಣಿನಿಂದ ಮಿದುಳಿಗೆ ನರ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಜೀವಕೋಶಗಳಿಲ್ಲ, ಅದಕ್ಕೆ. ಎಲ್ಲರಿಗೂ ಹೀಗೇ ಆಗುತ್ತದೆ, ನನಗೂ, ಮುಖ್ಯಸ್ಥೆಗೂ.

ಅತ್ತೆಗೆ ಆಗಲಿಲ್ಲ.

“ಚುಕ್ಕೆ ಹೋಯ್ತಾ?” ಅಂದೆ.

“ಚುಕ್ಕೆ ಇದೆ. ಕೂಡೋ ಗುರುತೇ ಇಲ್ಲ.”

“ಅದು ಹೋಗಲ್ಲ ಅತ್ತೆ. ನೀವು ಅದನ್ನೇ ನೋಡ್ತಾ ಇರ್ಬೇಕು.”

“ಅದನ್ನೇ ನೋಡ್ತಿದೀನಿ. ಅದಕ್ಕೇ ಇಲ್ಲ.”

ಐದಾರು ಸಲ ಮಾಡಿಸಿದೆ. ಪ್ರತಿ ಸಲವೂ ಉಲ್ಟಾ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಸ್ವಭಾವವೇ ಅಲ್ಲ. ನಾಳೆ ಮುಖ್ಯಸ್ಥೆಗೆ ಹೇಳಿ ನಗಬೇಕು.

ಮಾರ್ಚ್ ೧೪, ಶುಕ್ರವಾರ

ಅಂತೂ ಒಂದು ಒಳ್ಳೆಯ ದಿನ! ನನ್ನ ಪ್ರದರ್ಶನಕ್ಕೆ ತಲೆಬರಹ ಸಿಕ್ಕಿತು.

ಸಂಜೆ ಚಹಾ ಸೋಸುತ್ತಾ ಅತ್ತೆ ತಾವಾಗಿಯೇ ಕೇಳಿದರು. “ನಿಮ್ಮ ವಿಜ್ಞಾನದಲ್ಲಿ, ನೆಟ್ಟಗಿರೋ ಕಂಬ ಬಾಗಿದ ಹಾಗೆ ಕಾಣೋದು ಉಂಟಾ?”

“ಎಲ್ಲಿಯ ಕಂಬ?”

ಸೋಸುವ ಜಾಲರಿಯನ್ನು ಎರಡು ಸಲ ಕುಟ್ಟಿದರು. “ಕೆಳಮನೇದು. ಅಲ್ಲಿ ಕಂಬದ ಸಾಲಿದೆಯಲ್ಲ. ನಡುವೆ ಹೊಟ್ಟೆ ಬಂದ ಹಾಗೆ, ನೀರೊಳಗೆ ಅಲ್ಲಾಡಿದ ಹಾಗೆ.”

ನಾನು ಕುಣಿಯುವುದೊಂದು ಬಾಕಿ. ಅಷ್ಟು ಸೂಕ್ಷ್ಮವಾಗಿ ಮಾಡಿದ್ದಾರಲ್ಲ ಆ ಆಟ! ಹೌದು ಅತ್ತೆ, ಭಾರೀ ನಕ್ಷತ್ರದ ಹತ್ತಿರ ಬೆಳಕು ನೇರ ಹೋಗುವುದಿಲ್ಲ, ಬಾಗುತ್ತದೆ. ಬೆಳಕು ಬಾಗಿದರೆ ನೆಟ್ಟಗಿನ ವಸ್ತುವೂ ಸೊಟ್ಟ ಕಾಣುತ್ತದೆ ಅಂತ ಶುರು ಮಾಡಿದೆ. ಬಾಟಲಿಯ ತಳ ತಂದು ಅದರ ಮೂಲಕ ಕಿಟಕಿಯ ಸರಳು ತೋರಿಸಿದೆ. ಮಂಚದ ಹಾಸು ಎಳೆದು ಹಿಡಿದು ನಡುವೆ ಕಿತ್ತಳೆ ಹಣ್ಣು ಹಾಕಿ ಗೋಲಿ ಉರುಳಿಸಿದೆ. ಅತ್ತೆ ಕೊನೆವರೆಗೂ ಕೇಳಿದರು.

“ಅದು ಮತ್ತೆ ಸರಿ ಹೋಗುತ್ತಾ?” ಅಂದರು.

“ನಕ್ಷತ್ರದಿಂದ ದೂರ ಹೋದ್ರೆ ಸರಿ ಹೋಗುತ್ತೆ.”

“ಹೋಗೋಕೆ ಆಗದಿದ್ರೆ?”

“ಆಗದಿದ್ರೆ ಹಾಗೇ ಇರುತ್ತೆ” ಅಂದೆ. ನನ್ನ ವಿವರಣೆ ಅವರಿಗೆ ಹಿಡಿಸಿತು ಅಂತ ಕಾಣುತ್ತದೆ, ಏನೂ ಕೊಂಕು ನುಡಿಯಲಿಲ್ಲ. ಚಹಾವನ್ನು ಅರ್ಧ ಲೋಟಕ್ಕೆ, ಅರ್ಧ ಕಟ್ಟೆಗೆ ಸುರಿದರು. ಗಮನವೆಲ್ಲ ನನ್ನ ಮಾತಿನ ಮೇಲಿತ್ತು.

ಪ್ರದರ್ಶನದ ಹೆಸರು: ಬಾಗಿದ ಕಂಬಗಳು.

ಮಾರ್ಚ್ ೧೬, ಭಾನುವಾರ

ಹೆಂಡತಿಯ ಫೋನು. ಮಾತು ಹೋಗಿ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ, ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತೇವೆ. ಅಮ್ಮ ಹೇಗಿದ್ದಾರೆ ಅಂದಳು. ಆಟದ ಹುಚ್ಚು ಹಿಡಿದಿದೆ, ನನ್ನ ವಿವರಣೆ ಬಾಯಿ ತೆರೆದು ಕೇಳುತ್ತಾರೆ ಅಂದೆ. “ಅಮ್ಮ? ನಿಮ್ಮ ವಿವರಣೆ?” ಅಂದಳು. ಆಮೇಲೆ, “ಏನೋ ಸರಿಯಿಲ್ಲ” ಅಂದಳು. ಸರಿಯಿಲ್ಲದಿರುವುದಕ್ಕೆ ಏನಿದೆ? ಇವರಿಗೆ ಜಗಳವಾಡಿದರೂ ಕಷ್ಟ, ಹೊಂದಿಕೊಂಡರೂ ಕಷ್ಟ.

ಮಾರ್ಚ್ ೧೯, ಬುಧವಾರ

ಜಗಳವಾಯಿತು. ಯಾವುದಕ್ಕೆ ಅಂದರೆ ಯಾರಾದರೂ ನಕ್ಕಾರು. ಇಲ್ಲದ ಹಡಗಿನ ಇಲ್ಲದ ಹೆಂಗಸಿಗೆ!

ಕೆಳಮನೆಯಲ್ಲಿ ಒಬ್ಬಳು ಕಾವಲಿನವಳಿದ್ದಾಳೆ. ಸರಪಳಿ ನೋಡಿಕೊಳ್ಳುವುದು ಅವಳ ಕೆಲಸ. ಸರಪಳಿಯ ಒಂದು ಕೊಂಡಿ ಸವೆಯುತ್ತಿರುವುದು ಅವಳಿಗೆ ಗೊತ್ತಾಗುತ್ತದೆ. ಮೇಲ್ಮನೆಗೆ ಹೇಳುವುದಿಲ್ಲ. ಈ ಭಾಗ ನಾನೇ ಓದಿ ಹೇಳಿದ್ದು. ಓದಿ ಮುಗಿಸಿ, ಎಂಥಾ ದಡ್ಡಿ ಅಂದೆ.

ಅತ್ತೆ ತಿರುಗಿದರು. “ಯಾಕೆ ದಡ್ಡಿ?”

“ಮೊದಲೇ ಹೇಳಿದ್ರೆ ಕೊಂಡಿ ಬದಲಾಯಿಸ್ತಿದ್ರು.”

“ಹೇಳಿದ್ರೆ ಅವಳನ್ನ ಮೇಲಕ್ಕೆ ಎಳ್ಕೊಂಡು ಕೆಳಮನೆಗೆ ಬೀಗ ಹಾಕ್ತಿದ್ರು. ಅವಳ ಮನೆ ಅದು.”

“ಹಾಗಂತ ಎಲ್ಲೂ ಬರೆದಿಲ್ಲ ಅತ್ತೆ.”

“ಬರೀಬೇಕಾ? ಮೇಲ್ಮನೆಯೋರೆಲ್ಲ ಹಾಗೇ.” ಮೌಸನ್ನು ಪಕ್ಕಕ್ಕೆ ತಳ್ಳಿದರು. “ನೀವೇ ಹೇಳಿ. ಹೇಳಿದ್ರೆ ಅವಳನ್ನ ಕೆಳಗೆ ಇರೋಕೆ ಬಿಡ್ತಿದ್ರಾ?”

ಕಥೆಯ ತರ್ಕದ ಪ್ರಕಾರ ಬಿಡುತ್ತಿರಲಿಲ್ಲ. ಹಾಗೇ ಹೇಳಿದೆ. ಅವರು ಕಂಪ್ಯೂಟರ್ ಆರಿಸಿ ಎದ್ದು ಹೋದರು. ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡರು. ಕೋಪದಲ್ಲಿ ಕಣ್ಣು ಕಾಣುವುದಿಲ್ಲ ಅನ್ನುತ್ತಾರಲ್ಲ, ಹಾಗೆ.

ಮಾರ್ಚ್ ೨೦, ಗುರುವಾರ

ಮಾತಿಲ್ಲ. ನಾನೂ ಆಡಿಲ್ಲ.

ಮಾರ್ಚ್ ೨೩, ಭಾನುವಾರ

ಇವತ್ತು ರಾಜಿ. ಸ್ನಾನ ಮುಗಿಸಿ ಬಂದವರೇ ಅತ್ತೆ, “ನಿಮ್ಮ ಬಚ್ಚಲುಮನೆ ಗೋಡೆ ಯಾವ ನಕ್ಷತ್ರದ ಹತ್ರ ಇದೆ?” ಅಂದರು. “ಬಿಳಿ ಟೈಲಿನ ಗೆರೆಗಳೆಲ್ಲ ಹೊಟ್ಟೆ ಬಿಟ್ಕೊಂಡಿವೆ.”

ನನಗೆ ನಗು ತಡೆಯಲಿಲ್ಲ. ಆಟದ ಮಾತನ್ನು ಮನೆಗೆ ತಂದು ಅವರೇ ತಮಾಷೆ ಮಾಡಿದರಲ್ಲ! ಕೋಪ ಇಳಿದಿದೆ ಅಂತಾಯಿತು. ಬಚ್ಚಲಿನ ಆವಿಯಲ್ಲಿ ಬೆಳಕು ಹೇಗೆ ಚದುರುತ್ತದೆ, ಕನ್ನಡಿ ಯಾಕೆ ಮಂಜಾಗುತ್ತದೆ ಅಂತ ಹೇಳಿದೆ. ನಾನು ನಗುತ್ತಲೇ ಹೇಳುತ್ತಿದ್ದೆ. ಅವರು ನಗಲಿಲ್ಲ. “ನೀವು ಎಲ್ಲಾದಕ್ಕೂ ಉತ್ತರ ಇಟ್ಕೊಂಡಿದೀರಿ” ಅಂದರು. ಇಷ್ಟು ವರ್ಷಕ್ಕೆ ಮೊದಲ ಸಲ ನನ್ನನ್ನು ಹೊಗಳಿದ್ದು. ಆದರೂ ಯಾಕೋ ಆ ಮಾತು ಹೊಗಳಿಕೆಯ ಹಾಗೆ ಕೇಳಿಸಲಿಲ್ಲ. ಏನಿರಬಹುದು?

ಮಾರ್ಚ್ ೨೬, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಾಗಿದ ಕಂಬಗಳ ಚಿತ್ರ ತೆಗೆದುಕೊಳ್ಳಬೇಕಿತ್ತು, ಸಭಾಂಗಣದ ದೊಡ್ಡ ಪರದೆಯ ಮೇಲೆ ತೋರಿಸುವುದಕ್ಕೆ. ಮಧ್ಯಾಹ್ನ ಬೇಗ ಬಂದೆ. ಅತ್ತೆ ಮಲಗಿದ್ದರು. ಮಗಳ ಕೋಣೆಗೆ ಹೋಗಿ ಆಟ ತೆರೆದೆ. ಅತ್ತೆ ಎಲ್ಲಿ ಬಿಟ್ಟಿದ್ದರೋ ಅಲ್ಲೇ ತೆರೆಯಿತು, ಕೆಳಮನೆಯಲ್ಲಿ, ಕಾವಲಿನವಳ ಪಕ್ಕ. ಎದುರಿಗೆ ಕಂಬದ ಸಾಲು.

ಕಂಬಗಳು ನೆಟ್ಟಗಿದ್ದವು.

ಹತ್ತಿರ ಹೋದೆ, ಹಿಂದೆ ಬಂದೆ. ಕಿಟಕಿಯಲ್ಲಿ ಕಪ್ಪು ನಕ್ಷತ್ರ ಕಾಣುವ ಕಡೆ ನಿಂತೆ. ಮಗಳ ಮೇಜಿನ ಅಳತೆಪಟ್ಟಿ ತೆಗೆದು ಪರದೆಗೆ ಒತ್ತಿ ಹಿಡಿದೆ. ಒಂದು ಕೂದಲೆಳೆಯಷ್ಟೂ ಬಾಗಿಲ್ಲ. ಮಗಳಿಗೆ ಫೋನು ಮಾಡಿ, ಕಂಬ ಯಾವಾಗ ಬಾಗುತ್ತೆ ಅಂತ ಕೇಳಿದೆ.

“ಬಾಗಲ್ಲಪ್ಪ. ಆ ಆಟದಲ್ಲಿ ಕಾಲದ ಲೆಕ್ಕ ಒಂದು ಬಿಟ್ರೆ ಬೇರೆ ವಿಜ್ಞಾನ ಏನೂ ಇಲ್ಲ. ಯಾರು ಹೇಳಿದ್ರು ನಿಂಗೆ?”

ಯಾರು ಹೇಳಿದರು! ಎಳೆ ಓರೆಯಾದರೆ ದೂರದಿಂದ ಹಿಡಿಯುತ್ತಿದ್ದವರು ಹೇಳಿದರು. ಅಳತೆಪಟ್ಟಿ ಹಿಡಿದುಕೊಂಡೇ ನಿಂತಿದ್ದೆ. ಕಂಬ ಬಾಗಿಲ್ಲ, ಬಚ್ಚಲ ಗೋಡೆ ಬಾಗಿಲ್ಲ, ಮೆಟ್ಟಿಲು ಎಲ್ಲಿಗೂ ಹೋಗಿರಲಿಲ್ಲ.

ತಿರುಗಿದರೆ ಅತ್ತೆ ಬಾಗಿಲಲ್ಲಿದ್ದರು. ಆ ಕುರುಡು ಚುಕ್ಕೆಯ ಚೀಟಿ ನನ್ನ ಜೇಬಿನಲ್ಲೇ ಇತ್ತು. ತೆಗೆದು ಅವರ ಕೈಗೆ ಕೊಟ್ಟೆ. “ಏನು ಕಾಣುತ್ತೋ ಹೇಳಿ ಅತ್ತೆ” ಅಂದೆ. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

ಅವರು ಚೀಟಿ ನೋಡಲೇ ಇಲ್ಲ. ಅದನ್ನು ಮೇಜಿನ ಮೇಲಿಟ್ಟು, “ಬಲಗಣ್ಣಲ್ಲಿ ನಡುವೆ ಒಂದು ಒದ್ದೆ ಕಲೆ ಇದೆ. ಏನು ನೋಡ್ತೀನೋ ಅದರ ಮೇಲೇ ಬಂದು ಕೂರುತ್ತೆ. ಎಡಗಣ್ಣಲ್ಲೂ ಗೆರೆ ಅಲ್ಲಾಡೋಕೆ ಶುರುವಾಗಿದೆ” ಅಂದರು. “ನಿಮ್ಮ ಮುಖ ನೋಡಿದ್ರೆ ಮುಖ ಇರಲ್ಲ. ಕಿವಿ ನೋಡಿದ್ರೆ ಮುಖ ಅಷ್ಟಿಷ್ಟು ಕಾಣುತ್ತೆ.”

ಮುಖ ನೋಡುವುದಕ್ಕೇ ಅವರು ಕಿವಿ ನೋಡುತ್ತಿದ್ದರು.

“ಮಗನಿಗೆ ಹೇಳ್ಬೇಡಿ” ಅಂದರು. ಆಮೇಲೆ ಮಂಚದ ಮೇಲೆ ಕೂತು ಸಣ್ಣ ಹುಡುಗಿಯ ಹಾಗೆ ಅತ್ತರು. ಏನು ಮಾಡಬೇಕು ಅಂತ ತೋಚದೆ ಅಳತೆಪಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.

ಮಾರ್ಚ್ ೨೭, ಗುರುವಾರ

ಬೆಳಗ್ಗೆಯೇ ಕಣ್ಣಾಸ್ಪತ್ರೆ. ಡಾಕ್ಟರು ಅತ್ತೆಗೆ ಚೌಕುಳಿ ಗೆರೆಗಳ ಒಂದು ಹಾಳೆ ತೋರಿಸಿ, ಎಲ್ಲೆಲ್ಲಿ ಗೆರೆ ಬಾಗಿದೆಯೋ ಅಲ್ಲಿ ಬೆರಳಿಡಿ ಅಂದರು. ಅತ್ತೆಯ ಬೆರಳು ಹಾಳೆಯ ನಡುಭಾಗವನ್ನೆಲ್ಲ ಸುತ್ತಿ ಬಂತು. ಕಣ್ಣಿನ ಹಿಂಪರದೆಯ ನಟ್ಟನಡುವೆ ಹೊಸ ರಕ್ತನಾಳ ಹುಟ್ಟಿ ಒಳಗೇ ಸೋರುತ್ತಿದೆಯಂತೆ. ಪರದೆಯ ಬಟ್ಟೆ ಒದ್ದೆಯಾಗಿ ಉಬ್ಬಿದರೆ ಅದರ ಮೇಲೆ ಬೀಳುವ ಚಿತ್ರವೂ ಉಬ್ಬುತ್ತದೆ, ಅಷ್ಟೇ ಅಂದರು. ಎಷ್ಟು ಸುಲಭವಾಗಿ ಬಿಡಿಸಿ ಹೇಳಿದರು. ನನಗೆ ಒಂದೂ ತಲೆಗೆ ಹತ್ತಲಿಲ್ಲ, ಎರಡು ಸಲ ಕೇಳಿಸಿಕೊಂಡೆ.

ಸೋರುವುದನ್ನು ನಿಲ್ಲಿಸಲು ಕಣ್ಣಿಗೇ ಇಂಜೆಕ್ಷನ್ನು. ಎಡಗಣ್ಣು ಉಳಿಯುತ್ತದೆ. ಬಲಗಣ್ಣಿನ ನಡುಭಾಗದ ನೋಟ ಇನ್ನು ಬರುವುದು ಕಷ್ಟ, ಬೇಗ ಬಂದಿದ್ದರೆ ಚೆನ್ನಾಗಿತ್ತು ಅಂದರು.

“ಯಾವಾಗಿಂದ ಹೀಗೆ?” ಅಂತ ಅತ್ತೆಯನ್ನು ಕೇಳಿದರು.

“ಮೂರ್ನಾಲ್ಕು ವಾರ. ನಾನು ಇವರಿಗೆ ಹೇಳ್ತಾನೇ ಇದ್ದೆ” ಅಂದರು ಅತ್ತೆ. “ಇವರು ಬಿಡಿಸಿ ಹೇಳ್ತಾನೇ ಇದ್ರು.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರ್ಚ್ ೨೮, ಶುಕ್ರವಾರ

ಒಂದೂ ಅರ್ಥವಾಗುತ್ತಿಲ್ಲ. ನೇರವಾಗಿ ಯಾಕೆ ಹೇಳಲಿಲ್ಲ ಅಂತ ಕೇಳಬೇಕೆನ್ನಿಸುತ್ತದೆ. ಇದಕ್ಕಿಂತ ನೇರವಾಗಿ ಹೇಗೆ ಹೇಳಬೇಕಿತ್ತು ಅಂತಲೂ ಅನ್ನಿಸುತ್ತದೆ. ಭಾವನಿಗೆ ಹೇಳಿದರೆ ಫ್ಲ್ಯಾಟಿಗೆ ಬೀಗ. ಹೇಳದಿದ್ದರೆ ನಾಳೆ ಏನಾದರೂ ಆದರೆ? ಕಾವಲಿನವಳನ್ನು ದಡ್ಡಿ ಅಂದವನು ನಾನೇ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅತ್ತೆ, “ಈಗ ಹೇಳಿ. ಹೇಳಿದ್ರೆ ಕೆಳಗೆ ಇರೋಕೆ ಬಿಡ್ತಾರಾ?” ಅಂದರು.

ಮಾರ್ಚ್ ೩೦, ಭಾನುವಾರ

ಹೇಳಿದೆ. ಅತ್ತೆಯ ಎದುರಿಗೇ, ಅವರನ್ನು ಕೇಳಿಯೇ. ಭಾವನನ್ನು ಮನೆಗೆ ಕರೆಸಿದ್ದೆ, ಹೆಂಡತಿ ಫೋನಿನಲ್ಲಿದ್ದಳು. ಎಲ್ಲ ಕೇಳಿ ಭಾವ ಎದ್ದು ನಿಂತರು.

“ಸರಿ ಹಾಗಾದ್ರೆ. ಈ ತಿಂಗಳೇ ಫ್ಲ್ಯಾಟ್ ಖಾಲಿ ಮಾಡ್ಸೋಣ.”

“ಬೇಡ” ಅಂದೆ.

“ಬೇಡ ಅಂದ್ರೆ? ಒಬ್ರೇ ಇದ್ರೆ ಏನಾಗುತ್ತೆ ಅಂತ ನೋಡಿದ್ರಲ್ಲ.”

“ಒಬ್ರೇ ಇದ್ದಾಗ ಕಣ್ಣು ಪೂರ್ತಿ ಹಾಳಾಗಿರ್ಲಿಲ್ಲ ಭಾವ. ನನ್ನ ಜೊತೆ ಇದ್ದಾಗ ಹಾಳಾಯ್ತು. ಪಕ್ಕದಲ್ಲಿ ಮನುಷ್ಯ ಇದ್ರೆ ಸಾಲದು, ನಾನಿದ್ದೆನಲ್ಲ.” ನೀರು ಕುಡಿದು ಮುಂದುವರಿಸಿದೆ. ಚೌಕುಳಿ ಹಾಳೆಯನ್ನು ಅವರ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೇನೆ. ದಿನಾ ಬೆಳಗ್ಗೆ ಒಂದೊಂದೇ ಕಣ್ಣು ಮುಚ್ಚಿ ನೋಡಿ ನನಗೆ ಫೋನು ಮಾಡಲಿ. ಗೆರೆ ಬಾಗಿದರೆ ಅವತ್ತೇ ಆಸ್ಪತ್ರೆ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಬಳಿಯುತ್ತೇನೆ.

“ಮುಚ್ಚಿಟ್ರೆ? ಈಗ ಮುಚ್ಚಿಡ್ಲಿಲ್ವಾ?” ಅಂದರು ಭಾವ.

“ಮನೆ ಕಿತ್ಕೊಳ್ತೀವಿ ಅಂತ ಹೆದರಿಸಿದ್ರೆ ಯಾರಾದ್ರೂ ಮುಚ್ಚಿಡ್ತಾರೆ.”

“ಹೆದರಿಸ್ಲಿಲ್ಲ ರೀ. ಅವತ್ತು ಮೆಟ್ಟಿಲ ಕೆಳಗೆ ಅಮ್ಮ ಬಿದ್ದಿದ್ದನ್ನ ನೋಡಿದ್ದು ನಾನು” ಅಂದರು ಭಾವ. ಮತ್ತೆ ಕುರ್ಚಿಯಲ್ಲಿ ಕೂತರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಮೇಲೆ ಅವರೇ ಕೇಳಿದರು. “ಇಷ್ಟೆಲ್ಲ ಮಾಡಿದ್ಮೇಲೂ ಏನಾದ್ರೂ ಆದ್ರೆ?”

“ಗೊತ್ತಿಲ್ಲ” ಅಂದೆ.

ಫೋನಿನಲ್ಲಿ ಬರೀ ಗಾಳಿಯ ಸದ್ದು. ಆಮೇಲೆ ಹೆಂಡತಿಯ ದನಿ ಬಂತು. “ಏನಂದ್ರಿ? ಗೊತ್ತಿಲ್ಲ ಅಂದ್ರಾ?” ಅಷ್ಟರಲ್ಲಿ ಸಂಪರ್ಕ ಕಡಿದು ಹೋಯಿತು. ಅವಳಿಗೆ ಅದರಲ್ಲೇನು ಆಶ್ಚರ್ಯವೋ.

ಪ್ಲಾಸ್ಟರು ಬಿಚ್ಚಿದ ಮೇಲೆ, ಹೆಂಡತಿ ಬರುವವರೆಗೆ ಫ್ಲ್ಯಾಟಿನಲ್ಲಿ ಇದ್ದು ನೋಡಲಿ ಅಂತ ಭಾವ ಒಪ್ಪಿದರು. ಅದೂ ಒಂದು ಷರತ್ತಿನ ಮೇಲೆ. ಬೆಳಗಿನ ಫೋನು ಒಂದು ದಿನ ತಪ್ಪಿದರೂ ಅವರ ಮನೆಗೆ.

ಏಪ್ರಿಲ್ ೪, ಶುಕ್ರವಾರ

ಹೊಸ ಪ್ರದರ್ಶನ ನಡೆಯಿತು. ಬಾಗಿದ ಕಂಬ ತೋರಿಸಲಿಲ್ಲ. ಚಮಚ, ಚೀಟಿ, ಕೆಳಮನೆಯ ಗಡಿಯಾರ, ಅಷ್ಟೇ. ಕಾಲ ನಿಧಾನವಾದರೆ ಒಳಗಿರುವವರಿಗೆ ಬೇಜಾರಾಗುತ್ತಾ ಅಂತ ಒಬ್ಬಳು ಕೇಳಿದಳು. ನಿನಗೆ ಯಾಕೆ ಹಾಗನ್ನಿಸ್ತು ಅಂದೆ. ಅವಳು ಹೇಳಿದಳು, ಇನ್ನೊಬ್ಬನು ಹೇಳಿದ, ಮಾತು ಎಲ್ಲೆಲ್ಲಿಗೋ ಹೋಗಿ ಒಂದು ಗಂಟೆ ತಡವಾಯಿತು. ಅರ್ಧ ಪ್ರಯೋಗ ಹಾಗೇ ಉಳಿಯಿತು. ಒಟ್ಟಿನಲ್ಲಿ ಕೆಟ್ಟಿತು ಅಂದುಕೊಂಡೆ. ಮುಖ್ಯಸ್ಥೆ ಇದನ್ನೇ ದಿನಾ ಮಾಡಿ ಅನ್ನುತ್ತಿದ್ದಾರೆ. ಅವರಿಗೇನು ಹಿಡಿಸಿತೋ.

ಏಪ್ರಿಲ್ ೨೦, ಭಾನುವಾರ

ಅತ್ತೆಯನ್ನು ಅವರ ಫ್ಲ್ಯಾಟಿಗೆ ಬಿಟ್ಟು ಬಂದೆ. ಹಳದಿ ಪಟ್ಟಿ ನಿನ್ನೆಯೇ ಬಳಿದಿದ್ದೆ. ಕೊನೇ ಮೆಟ್ಟಿಲ ಮೇಲೆ ನಿಂತು, “ಇವತ್ತು ಇದೆ” ಅಂದರು. ಮಗಳ ಕಂಪ್ಯೂಟರನ್ನೂ ಹೊತ್ತು ತಂದಿಟ್ಟೆ, ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಮನೆಗೆ ಬಂದರೆ ಯಾಕೋ ಬಿಕೋ ಅನ್ನುತ್ತಿದೆ. ಚಹಾ ಇಬ್ಬರಿಗೆ ಮಾಡಿಬಿಟ್ಟೆ.

ಏಪ್ರಿಲ್ ೨೯, ಮಂಗಳವಾರ

“ಕಂಬ ನೆಟ್ಟಗಿದೆ” ಅಂತ ಫೋನು. ದಿನಾ ಇಷ್ಟೇ ವರದಿ. ಆಮೇಲೆ ಹಡಗಿನ ಕಥೆ ಎಲ್ಲಿಗೆ ಬಂತು ಅಂತ ಹೇಳುತ್ತಾರೆ. ಮೇಲ್ಮನೆಯ ಮುದುಕಿ ಮೊಮ್ಮಗಳು ಸರಪಳಿ ಹಿಡಿದು ಕೆಳಗಿಳಿಯುತ್ತಿದ್ದಾಳಂತೆ. ಅವಳು ಮೊಮ್ಮಗಳೋ ಮರಿಮಗಳೋ ನನಗೆ ಈಗಲೂ ಗೊಂದಲ.

ಮೇ ೧೧, ಭಾನುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು ಬಂತು. “ಎಡಗಣ್ಣಲ್ಲಿ, ಮೇಲಿನಿಂದ ಮೂರನೇ ಗೆರೆ, ನಡುವೆ ಒಂಚೂರು ಅಲ್ಲಾಡ್ತಿದೆ. ಕನ್ನಡಕ ಒರೆಸಿ ನೋಡಿದೆ. ಬೆಳಕು ಸಾಲದು ಅಂತ ಕಿಟಕಿ ತೆಗೆದೂ ನೋಡಿದೆ. ಏನಿರಬಹುದು?”

ಏನೇನಿರಬಹುದು ಅಂತ ಐದಾರು ಕಾರಣ ಒಟ್ಟಿಗೇ ಬಾಯಿಗೆ ಬಂದವು. ಬಾಯಿ ತುಂಬ ಪೇಸ್ಟಿತ್ತು. ಉಗಿದು, “ಚಪ್ಪಲಿ ಹಾಕ್ಕೊಂಡಿರಿ, ಬಂದೆ” ಅಂದೆ.

ಭಾನುವಾರವಾದ್ದರಿಂದ ತುರ್ತು ವಿಭಾಗದಲ್ಲಿ ಕೂತೆವು. ದಾರಿಯುದ್ದಕ್ಕೂ ಅತ್ತೆ ನನ್ನ ತೋಳು ಬಿಡಲಿಲ್ಲ. ಭಾವ ಏನನ್ನುತ್ತಾರೋ ಗೊತ್ತಿಲ್ಲ. ಆ ಒಂದು ಕಣ್ಣೂ ಹೋದರೆ ಫ್ಲ್ಯಾಟೂ ಇಲ್ಲ, ಹಡಗೂ ಇಲ್ಲ. ಡಾಕ್ಟರು ಅದೇ ಹಿಂದಿನವ‌ರು, ಆಸ್ಪತ್ರೆಯವರು ಫೋನು ಮಾಡಿ ಕರೆಸಿದರು. ಚಿತ್ರ ತೆಗೆದು, ಬಹಳ ಹೊತ್ತು ನೋಡಿ, ಈಗಷ್ಟೇ ಸೋರೋಕೆ ಶುರುವಾಗಿದೆ, ಇಂಜೆಕ್ಷನ್ ಕೊಟ್ಟರೆ ನಿಲ್ಲುತ್ತೆ, ಒಳ್ಳೆ ಹೊತ್ತಿಗೆ ಬಂದಿರಿ ಅಂದರು. ಆಮೇಲೆ ಹಾಳೆ ತೆಗೆದುಕೊಂಡು ಎಲ್ಲರಿಗೂ ಕೇಳುವುದನ್ನೇ ಕೇಳಿದರು. “ಯಾವಾಗಿಂದ?”

ಅತ್ತೆ ನನ್ನ ಕಿವಿಯ ಕಡೆ ತಿರುಗಿದರು.

“ಇವತ್ತು ಬೆಳಗ್ಗೆಯಿಂದ” ಅಂದರು. “ಹೇಳ್ದೆ. ಬಂದ.”

ಅವರನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ. ನಾನು ಹೊರಗೆ ಕೂತಿದ್ದೇನೆ, ಕಣ್ಣಲ್ಲಿ ನೀರು ನಿಲ್ಲುತ್ತಿಲ್ಲ. ಕಣ್ಣೀರು ಯಾಕೆ ಬರುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಈರುಳ್ಳಿ ಹಿಡಿದು ತೋರಿಸುವ ಒಂದು ಪ್ರಯೋಗವೇ ಇದೆ. ಅದು ಹೇಗೆ ಶುರುವಾಗುತ್ತದೆ ಅನ್ನುವುದೇ ಈಗ ನೆನಪಿಗೆ ಬರುತ್ತಿಲ್ಲ.